ಸ್ಪಂಜಿನ ಮೂಳೆ, ಉಪ್ಪಿನ ಕಲ್ಲು

ಅಂಗಡಿಯಲ್ಲಿ ಸಿಗುವ ಡೈನೋಸಾರ್ ಕಿಟ್ ನೋಡಿದ್ದೀರಲ್ಲ? ಪ್ಲಾಸ್ಟರ್ ಉಂಡೆಯನ್ನು ಮಗು ಪುಟ್ಟ ಸುತ್ತಿಗೆಯಲ್ಲಿ ಕುಟ್ಟುತ್ತದೆ. ಒಳಗಿಂದ ಪ್ಲಾಸ್ಟಿಕ್ ಅಸ್ಥಿಪಂಜರ ಬರುತ್ತದೆ. ಮಜಾ ಏನೋ ಇದೆ. ಆದರೆ ಅಣ್ಣನ ಮಗಳು ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ: "ಚಿಕ್ಕಪ್ಪಾ, ಮೂಳೆ ಕಲ್ಲಾಗಿದ್ದು ಹೇಗೆ?" ಪಕ್ಕದಲ್ಲಿದ್ದ ಅಜ್ಜಿ, "ಅಹಲ್ಯೆ ಆಗಲಿಲ್ವಾ, ಹಾಗೇ" ಅಂದರು. ಕಥೆಗೆ ಸರಿ. ಆದರೆ ಮೂಳೆಗೆ ಶಾಪ ಬೇಕಿಲ್ಲ, ನೀರು ಸಾಕು.

ಪಾತ್ರೆ ತೊಳೆಯುವ ಹೊಸ ಸ್ಪಂಜು ತಗೊಂಡು ಮೂಳೆಯ ಆಕಾರಕ್ಕೆ ಕತ್ತರಿಸಿ. ಒಂದು ಲೋಟ ಬಿಸಿನೀರಿಗೆ ಉಪ್ಪು ಹಾಕಿ ಕಲಕುತ್ತಾ ಹೋಗಿ, ಇನ್ನು ಕರಗಲ್ಲ ಅನ್ನುವವರೆಗೂ. 200 ಮಿಲಿ ನೀರು ಸುಮಾರು 70 ಗ್ರಾಂ ಉಪ್ಪು ನುಂಗುತ್ತದೆ, ಮಕ್ಕಳು ನಂಬುವುದೇ ಇಲ್ಲ. (ಬಿಸಿನೀರು ದೊಡ್ಡವರ ಕೈಯಲ್ಲೇ ಇರಲಿ.) ನೀರು ಆರಿದ ಮೇಲೆ ಸ್ಪಂಜನ್ನು ಅದರಲ್ಲಿ ನೆನೆಸಿ ಬಿಸಿಲಿಗಿಡಿ. ಒಣಗಿದರೆ ಮತ್ತೆ ನೆನೆಸಿ. ಮೂರು ನಾಲ್ಕು ದಿನಕ್ಕೆ ಅದು ಹಿಂಡಿದರೂ ಬಗ್ಗದು.

ಮೂಳೆಯೂ ಒಳಗೆ ಸ್ಪಂಜೇ. ಮಟನ್ ಸಾರಿನಲ್ಲಿ ಸಿಕ್ಕ ಮೂಳೆಯ ತುದಿ ಮುರಿದು ನೋಡಿ, ತೂತುಗಳ ಗೂಡು. ಸತ್ತ ಪ್ರಾಣಿ ಹೊಳೆಯ ಹೂಳಿನಡಿ ಬೇಗ ಮುಚ್ಚಿಹೋದರೆ ಮಾಂಸ ಕೊಳೆಯುತ್ತದೆ, ಮೂಳೆ ಉಳಿಯುತ್ತದೆ. ಅಂತರ್ಜಲ ಅದರ ತೂತುಗಳಲ್ಲಿ ಹರಿಯುತ್ತಾ ತಾನು ಹೊತ್ತು ತಂದ ಸಿಲಿಕಾ (ಮರಳಿನಲ್ಲಿರುವ ಖನಿಜ), ಸುಣ್ಣದ ಅಂಶವನ್ನು ಅಲ್ಲೇ ಇಳಿಸುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತದಲ್ಲ, ಅಂಥದ್ದೇ ಕೆಲಸ. ಬಾದೂಷಾದೊಳಗೆ ಪಾಕ ಇಳಿದು ಗಟ್ಟಿಯಾಗುವುದೂ ಹಾಗೇ. ಹಾಗಂತ ಮೂಳೆ ಹೋಗಿ ಕಲ್ಲು ಬಂತು ಅಂತ ಯಾವಾಗಲೂ ಅಲ್ಲ. ಬಾದೂಷಾ ಹೋಗಿ ಸಕ್ಕರೆ ಬಂತು ಅಂತ ಯಾರಾದರೂ ಹೇಳ್ತಾರಾ? ಎಷ್ಟೋ ಪಳೆಯುಳಿಕೆಗಳಲ್ಲಿ ಮೂಳೆಯ ಮೂಲ ಖನಿಜ ಇನ್ನೂ ಇರುತ್ತದೆ, ಸಂದುಗಳು ಮಾತ್ರ ತುಂಬಿರುತ್ತವೆ. ಹಾಗೆ ತುಂಬದೆ ಉಳಿದ ಸಣ್ಣ ತೂತುಗಳಿಂದ ಒಂದು ಉಪಾಯವೂ ಹುಟ್ಟಿದೆ. ಕೈಗೆ ಸಿಕ್ಕಿದ್ದು ಕಲ್ಲೋ ಮೂಳೆಯೋ ತಿಳಿಯದಿದ್ದಾಗ ಕೆಲವು ತಜ್ಞರು ನಾಲಿಗೆಯಿಂದ ನೆಕ್ಕಿ ನೋಡುತ್ತಾರೆ. ಮೂಳೆಯಾದರೆ ನಾಲಿಗೆಗೆ ಅಂಟುತ್ತದೆ! ಇದನ್ನು ಮಕ್ಕಳಿಗೆ ಹೇಳುವ ಮುಂಚೆ ಯೋಚಿಸಿ. ಆಮೇಲೆ ಅವರು ಅಂಗಳದ ಜಲ್ಲಿಯನ್ನೂ ಬಿಡುವುದಿಲ್ಲ.

ನಮ್ಮ ದೇಶದಲ್ಲಿ ಇಂಥ ಮೂಳೆ 1828ರಲ್ಲೇ ಜಬಲ್ಪುರದಲ್ಲಿ ಸಿಕ್ಕಿತ್ತು. ಕಂಡವನು ವಿಲಿಯಂ ಸ್ಲೀಮನ್, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಗ್ಗರನ್ನು ಮಟ್ಟಹಾಕಿದ ಅದೇ ಬ್ರಿಟಿಷ್ ಅಧಿಕಾರಿ. 'ಡೈನೋಸಾರ್' ಎಂಬ ಹೆಸರು ಹುಟ್ಟಿದ್ದೇ 1842ರಲ್ಲಿ! ಮಧ್ಯಪ್ರದೇಶದ ಧಾರ್ ಕಡೆ ಕೆಲವು ಮನೆಗಳವರು ದುಂಡನೆಯ ಕಲ್ಲುಗಳನ್ನು ಹೊಲ, ದನ ಕಾಯುವ ದೇವರೆಂದು ಪೂಜಿಸುತ್ತಿದ್ದರು. ಅವು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಯಿತು. ನಗಬೇಡಿ. ಅವರ ಕಣ್ಣು ಚುರುಕಾಗಿದ್ದಕ್ಕೇ ಆ ಕಲ್ಲು ಬೇರೆ ಅಂತ ಗೊತ್ತಾಗಿದ್ದು. ಅದೇ ಸೀಮೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿವೆ.

ಲಾಲ್‌ಬಾಗ್ ಬಂಡೆ ಅಗೆಯೋಣ ಅಂತ ಪುಟ್ಟಿ ಹಟ ಹಿಡಿದಿದ್ದಳು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್ ಬಂದಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಅಂದರೆ ಬಂಡೆಯ ಮುಂದೆ ಅವು ಕೂಸುಗಳು. ಅಲ್ಲಿ ಮೂಳೆ ಸಿಗಲ್ಲ, ಕಾವಲುಗಾರರ ಬೈಗುಳ ಸಿಗುತ್ತೆ.

ನಾಲ್ಕನೇ ದಿನ ತನ್ನ 'ಮೂಳೆ'ಯನ್ನು ತೊಳೆಯುತ್ತೇನೆಂದು ನಲ್ಲಿಗೆ ಹಿಡಿದಳು. ಎರಡೇ ನಿಮಿಷಕ್ಕೆ ಮೆತ್ತಗಾಯಿತು. ಅಳು ಶುರು. ಉಪ್ಪು ನೀರಿಗೆ ಮರಳಿ ಕರಗುತ್ತೆ, ಸಿಲಿಕಾ ಹಾಗೆ ಸುಲಭಕ್ಕೆ ಕರಗಲ್ಲ ಅಂತ ಹೇಳುವ ಹೊತ್ತಿಗೆ ಅವಳು ಉಪ್ಪಿನ ಡಬ್ಬಿ ಹುಡುಕುತ್ತಿದ್ದಳು.