ಉಯ್ಯಾಲೆಯ ತೂಕ 52 ಕಿಲೋ, ಬಿಲ್ಲು 207 ಕಿಲೋಗೆ ಏಕೆ?

ಓದುಗರ ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮದೊಂದು ಮರಗೆಲಸದ ಶೆಡ್ ಇದೆ. ಎರಡು ವರ್ಷದಿಂದ ಆನ್‌ಲೈನ್ ಅಂಗಡಿ ತೆರೆದು ತೂಗುಯ್ಯಾಲೆ, ಮಣೆ, ಕಡೆಯುವ ಕಲ್ಲು ಮಾರುತ್ತಿದ್ದೇವೆ. ಮಣೆಗೆ ತೊಂದರೆ ಇಲ್ಲ. ಆದರೆ ಮೊನ್ನೆ ಬೆಂಗಳೂರಿಗೆ ಕಳಿಸಿದ ಉಯ್ಯಾಲೆ ನಮ್ಮ ತಕ್ಕಡಿಯಲ್ಲಿ 52 ಕಿಲೋ, ಸಾಗಾಟದವರ ಬಿಲ್ಲಿನಲ್ಲಿ 207 ಕಿಲೋ! ಗ್ರಾಹಕರಿಂದ ತೆಗೆದುಕೊಂಡಿದ್ದ ಶಿಪ್ಪಿಂಗ್ ಹಣ ಅರ್ಧಕ್ಕೂ ಸಾಲಲಿಲ್ಲ. ಇದು ಮೋಸವಲ್ಲವೇ? ಭಾರದ ಸಾಮಾನಿಗೆ ವೆಬ್‌ಸೈಟಿನಲ್ಲಿ ಎಷ್ಟು ಶಿಪ್ಪಿಂಗ್ ಹಾಕಬೇಕು?

ಉತ್ತರ: ಮೋಸವಲ್ಲ. ಮಂಗಳೂರು ಬಂದರಿನ ಲಾರಿ ಆಫೀಸೊಂದರಲ್ಲಿ ಹನ್ನೊಂದು ವರ್ಷ ಎಲ್‌ಆರ್ (ಸಾಮಾನು ಬುಕ್ ಮಾಡಿದಾಗ ಕೊಡುವ ಲಾರಿ ರಶೀದಿ) ಬರೆದವನು ನಾನು. ಈ ಜಗಳವನ್ನು ಕೌಂಟರಿನ ಆಚೆ ಬದಿಯಿಂದ ನೂರಾರು ಸಲ ಕೇಳಿದ್ದೇನೆ. ಆಗ ನಾನು ಹೇಳುತ್ತಿದ್ದುದು ಒಂದೇ ಮಾತು: ಘಟ್ಟ ಇಳಿದು ಬರುವ ಬೈಹುಲ್ಲಿನ ಲಾರಿ ನೋಡಿದ್ದೀರಲ್ಲ? ಎರಡೂ ಬದಿಗೆ ಉಬ್ಬಿಕೊಂಡು, ಹಿಂದಿನ ಕಾರಿನವನಿಗೆ ದಾರಿಯೇ ಕಾಣದ ಹಾಗೆ ಬರುತ್ತದೆ. ಅಷ್ಟೇ ಜಾಗಕ್ಕೆ ಅಕ್ಕಿ ಮೂಟೆ ಹೇರಿದರೆ ಲಾರಿ ಜಗ್ಗಿ ಕೂರುತ್ತದೆ, ಹುಲ್ಲು ಹೇರಿದರೆ ಸ್ಪ್ರಿಂಗು ಅಲ್ಲಾಡುವುದೂ ಇಲ್ಲ. ಆದರೆ ಎರಡರಲ್ಲೂ ಲಾರಿ ಭರ್ತಿಯೇ. ಹುಲ್ಲಿನವನು ತೂಕದ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೇನೆ ಎಂದರೆ ಡೀಸೆಲ್‌ಗೂ ಹುಟ್ಟುವುದಿಲ್ಲ.

ಅದಕ್ಕೇ ಸಾಗಾಟದವರು ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯದ್ದು, ಇನ್ನೊಂದು ಡಬ್ಬಿಯ ಗಾತ್ರದ್ದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಸಿಗುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ನೀವು ಕಳಿಸಿದ ಬಿಲ್ಲಿನ ಫೋಟೋದಲ್ಲಿ ಅಳತೆ ಇದೆ: 185, 70, 80. ಗುಣಿಸಿದರೆ 10,36,000. ಭಾಗಿಸಿದರೆ 207.2. ಅಂದರೆ ಒರಗುವ ಹಲಗೆಯನ್ನೂ ಕೈಯೂರುವ ಹಿಡಿಯನ್ನೂ ಜೋಡಿಸಿಯೇ ಸುತ್ತಿ ಕಳಿಸಿದ್ದೀರಿ. ನೀವು ದುಡ್ಡು ಕೊಟ್ಟದ್ದು ಕೂರುವ ಹಲಗೆಗೂ ಒರಗುವ ಹಲಗೆಗೂ ನಡುವಿನ ಗಾಳಿಗೆ.

ಅದೇ ಉಯ್ಯಾಲೆಯನ್ನು ಬಿಚ್ಚಿ, ಹಲಗೆಯ ಮೇಲೆ ಹಲಗೆ ಮಲಗಿಸಿ ಕಟ್ಟಿದರೆ 185, 65, 18ರ ಡಬ್ಬಿಯಾಗುತ್ತದೆ. ಗಾತ್ರದ ತೂಕ 43 ಕಿಲೋ ಚಿಲ್ಲರೆ. ಪ್ಯಾಕಿಂಗ್ ಸೇರಿ ತಕ್ಕಡಿಯ ತೂಕ 58 ಬಂದೀತು. ಬಿಲ್ಲು 58ಕ್ಕೆ. ಒಂದು ಸ್ಪ್ಯಾನರು ಅರ್ಧ ಗಂಟೆ ಕೆಲಸ ಮಾಡಿದರೆ 149 ಕಿಲೋ ಉಳಿಯುತ್ತದೆ.

ಬಿಚ್ಚಿ ಕಳಿಸುವುದರಲ್ಲಿ ಒಂದು ಹುಷಾರು ಬೇಕು. ಹಿತ್ತಾಳೆ ಸರಪಳಿಯನ್ನು ಹಲಗೆಯ ಮೇಲೆ ಸುಮ್ಮನೆ ಇಟ್ಟು ಕಟ್ಟಬೇಡಿ. ಲಾರಿ ಕುಲುಕಿದ ಹಾಗೆಲ್ಲ ಅದು ಪಾಲಿಶನ್ನು ಕೆರೆಯುತ್ತದೆ. ಬೆಂಗಳೂರು ಮುಟ್ಟುವಷ್ಟರಲ್ಲಿ ಬೆಕ್ಕು ಉಗುರು ಹಾಕಿದ ಹಾಗಿರುತ್ತದೆ. ಸರಪಳಿಯನ್ನು ಗೋಣಿಗೆ ತುಂಬಿ ಬೇರೆ ಪಾರ್ಸೆಲ್ ಮಾಡಿ. ಕೆಎಸ್‌ಆರ್‌ಟಿಸಿ 2021ರಲ್ಲಿ ಶುರುಮಾಡಿದ 'ನಮ್ಮ ಕಾರ್ಗೋ' ಇಂಥ ಚಿಕ್ಕ ಗಂಟಿಗೆ ಸರಿ, ಗ್ರಾಹಕರು ಬಸ್‌ಸ್ಟ್ಯಾಂಡಿಗೆ ಬಂದು ಒಯ್ಯಲು ಒಪ್ಪಿದರೆ. ಬೋಲ್ಟುಗಳನ್ನು ಮಾತ್ರ ಹಲಗೆಯ ಅಡಿಗೇ ಟೇಪು ಹಾಕಿ ಅಂಟಿಸಿ. ಪ್ರತ್ಯೇಕ ಕವರಿನಲ್ಲಿ ಕಳಿಸಿದ ಬೋಲ್ಟು ಕಳೆದುಹೋಗುವುದೇ ಜಾಸ್ತಿ.

ಇನ್ನೊಂದು ಬಲೆ ಇದೆ, ನಿಮ್ಮ ಮುಂದಿನ ಬಿಲ್ಲಿಗೆ ಅದು ಕಾದು ಕೂತಿರುತ್ತದೆ. ಲಾರಿ ಆಫೀಸಿನವರು ಹಲವರು 5000ದ ಲೆಕ್ಕ ಹಾಕುವುದಿಲ್ಲ, ಘನ ಅಡಿಯ ಲೆಕ್ಕ ಹಾಕುತ್ತಾರೆ. ಜೋಡಿಸಿದ ನಿಮ್ಮ ಉಯ್ಯಾಲೆ 36.6 ಘನ ಅಡಿ. ಒಂದು ಘನ ಅಡಿಗೆ 6 ಕಿಲೋ ಹಿಡಿಯುವವರೂ ಇದ್ದಾರೆ, 8 ಹಿಡಿಯುವವರೂ, 10 ಹಿಡಿಯುವವರೂ ಇದ್ದಾರೆ. ಈಗ ಇಬ್ಬರು ದರ ಹೇಳಿದರು ಎಂದಿಟ್ಟುಕೊಳ್ಳಿ. ಒಬ್ಬ ಕಿಲೋಗೆ 12 ರೂಪಾಯಿ, ಇನ್ನೊಬ್ಬ 9. ನೀವು 9ರವನ ಹತ್ತಿರ ಓಡುತ್ತೀರಿ. ಆದರೆ 12ರವನು ಘನ ಅಡಿಗೆ 6 ಹಿಡಿದರೆ 220 ಕಿಲೋ, 2,640 ರೂಪಾಯಿ. 9ರವನು 10 ಹಿಡಿದರೆ 366 ಕಿಲೋ, 3,294 ರೂಪಾಯಿ. ಕಿಲೋಗೆ ಎಷ್ಟು ಎಂದು ಕೇಳುವ ಮೊದಲು ಘನ ಅಡಿಗೆ ಎಷ್ಟು ಕಿಲೋ ಎಂದು ಕೇಳಿ. ಹಾಗೆ ಕೇಳಿದವರನ್ನು ಕೌಂಟರಿನಲ್ಲಿ ಕೂತವನು ಸ್ವಲ್ಪ ಮರ್ಯಾದೆಯಿಂದ ನೋಡುತ್ತಾನೆ, ಅನುಭವದ ಮಾತು.

ಕಡೆಯುವ ಕಲ್ಲಿನದ್ದು ಪೂರ್ತಿ ತಿರುಗುಮುರುಗು. 80 ಕಿಲೋದ ಕಲ್ಲು ಅರ್ಧ ಮೀಟರಿನ ಡಬ್ಬಿಯೊಳಗೆ ಕೂತುಬಿಡುತ್ತದೆ. ಗಾತ್ರದ ತೂಕ ಇಪ್ಪತ್ತೈದು ಕಿಲೋ ದಾಟುವುದಿಲ್ಲ, ತಕ್ಕಡಿಯ ತೂಕಕ್ಕೇ ಬಿಲ್ಲು. ಇಲ್ಲಿ ಸಮಸ್ಯೆ ಎತ್ತುವ ಕೈಗಳದ್ದು. ಮಾಮೂಲು ಕೊರಿಯರಿನ ಹುಡುಗ ಒಬ್ಬನೇ ಬರುತ್ತಾನೆ, ಬೈಕಿನಲ್ಲಿ. ರಟ್ಟಿನ ಡಬ್ಬಿಯಲ್ಲಿ ಕಲ್ಲು ಹಾಕಿದರೆ ಮೊದಲ ಗೋಡೌನಿನಲ್ಲೇ ತಳ ಕಿತ್ತುಹೋಗಿ, ಕಾಲ ಮೇಲೆ ಬಿದ್ದು ಯಾರದ್ದೋ ಬೆರಳು ಹೋಗುತ್ತದೆ. ಮರದ ಚೌಕಟ್ಟು ಹೊಡೆಸಿ, ತಳಕ್ಕೆ ನಾಲ್ಕು ಇಂಚಿನ ಎರಡು ರೀಪು ಕೊಡಿ, ಪ್ಯಾಲೆಟ್ ಟ್ರಾಲಿಯ ನಾಲಗೆ ಒಳಗೆ ಹೋಗುವ ಹಾಗೆ. ಗುಂಡುಕಲ್ಲನ್ನು ಗುಳಿಯಲ್ಲೇ ಬಿಟ್ಟು ಕಳಿಸಬೇಡಿ. ತೆಗೆದು ಬೇರೆ ಕಟ್ಟಿ.

ಈಗ ದೊಡ್ಡ ಖರ್ಚಿಗೆ ಬರುತ್ತೇನೆ. ಉಡುಪಿಯಿಂದ ಬೆಂಗಳೂರಿನ ಗೋಡೌನಿಗೆ ಸಾಮಾನು ಮುಟ್ಟಿಸುವುದು ಈ ಕಸುಬಿನಲ್ಲಿ ಸುಲಭದ ಭಾಗ. ದಿನಾ ಲಾರಿ ಹೋಗುತ್ತದೆ, ನಿಮ್ಮ ಉಯ್ಯಾಲೆ ಒಂದು ಮೂಲೆಯಲ್ಲಿ ಹೋಗುತ್ತದೆ. ಕಷ್ಟ ಇರುವುದು ಗೋಡೌನಿನಿಂದ ಗ್ರಾಹಕರ ಚಾವಡಿಯವರೆಗೆ. ಡೋರ್ ಡೆಲಿವರಿ ಎಂಬ ಮಾತಿಗೆ ಲಾರಿಯವರ ನಿಘಂಟಿನಲ್ಲಿ ಅರ್ಥ ಗೇಟಿನವರೆಗೆ ಎಂದು. ಗೇಟಿನಿಂದ ಒಳಗೆ, ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಹಿಡಿಸದಿದ್ದರೆ ಮೂರನೇ ಮಹಡಿಗೆ, ಅದೆಲ್ಲ ಹಮಾಲಿ. ಅದರ ಮೇಲೆ ಮಾಮೂಲು ದಾರಿ ಬಿಟ್ಟು ಒಳಗಿನ ಊರಾದರೆ ಒಡಿಎ (ಡೆಲಿವರಿ ವ್ಯಾಪ್ತಿಯ ಹೊರಗೆ) ಎಂದೊಂದು ಸಾಲು ಬಿಲ್ಲಿನಲ್ಲಿ ಕೂರುತ್ತದೆ. ಗ್ರಾಹಕರು ಊರಲ್ಲಿಲ್ಲ, ಸಾಮಾನು ಗೋಡೌನಿನಲ್ಲಿ ಉಳಿಯಿತು ಎಂದರೆ ಡೆಮರೇಜ್, ಅಂದರೆ ಇಟ್ಟುಕೊಂಡ ದಿನಗಳ ಬಾಡಿಗೆ.

ನನ್ನದೇ ಒಂದು ಕತೆ ಹೇಳುತ್ತೇನೆ. ಬಂಟ್ವಾಳದ ಒಳಗಿನ ಒಂದು ತೋಟದ ಮನೆಗೆ ಆರೂವರೆ ಅಡಿಯ ಕಬ್ಬಿಣದ ಕಪಾಟು ಬುಕ್ ಆಗಿತ್ತು. ಎಲ್‌ಆರ್ ಬರೆದವನು ನಾನು. ವಿಳಾಸ, ಪಿನ್‌ಕೋಡ್, ಫೋನ್ ಎಲ್ಲ ಸರಿ. ನಾನು ಕೇಳದೆ ಬಿಟ್ಟದ್ದು ಒಂದೇ, ಟೆಂಪೋ ಅಂಗಳದವರೆಗೆ ಹೋಗುತ್ತದಾ ಎಂದು. ಹೋಗುವುದಿಲ್ಲ. ನಡುವೆ ತೋಡು, ತೋಡಿಗೆ ಎರಡು ಅಡಿಕೆ ಮರ ಹಾಕಿದ ಕಾಲುಸಂಕ. ಕಪಾಟು ಎರಡು ದಿನ ರಸ್ತೆ ಬದಿಯ ಗೂಡಂಗಡಿಯ ಮಾಡಿನಡಿ ನಿಂತಿತು. ಮೂರನೇ ದಿನ ನಾಲ್ಕು ಜನ ನೀರಿಗಿಳಿದು ತಲೆಯ ಮೇಲೆ ಹೊತ್ತು ದಾಟಿಸಿದರು. ಅವರ ಕೂಲಿ ಲಾರಿ ಬಾಡಿಗೆಗಿಂತ ಹೆಚ್ಚಾಯಿತು, ಅದು ನನ್ನ ಸಂಬಳದಿಂದ ಹೋಯಿತು. ಅಂದಿನಿಂದ ಪ್ರತಿ ಬುಕ್ಕಿಂಗಿನಲ್ಲೂ ಕೇಳುತ್ತಿದ್ದೆ: ಸಂಕ ಉಂಟಾ?

ಹಾಗಾಗಿ ವೆಬ್‌ಸೈಟಿನಲ್ಲಿ ಎಷ್ಟು ಹಾಕಬೇಕು ಎಂಬ ನಿಮ್ಮ ಪ್ರಶ್ನೆಗೆ ಒಂದು ಸಂಖ್ಯೆ ಕೊಡಲು ನನ್ನಿಂದಾಗದು. ಉಯ್ಯಾಲೆಗೂ ಕಲ್ಲಿಗೂ ಸಿದ್ಧ ದರವನ್ನು ತೆಗೆದೇಬಿಡಿ. ಮಣೆಗೆ 'ಕಾರ್ಟಿಗೆ ಸೇರಿಸಿ' ಗುಂಡಿ ಇರಲಿ. ಭಾರದ ಸಾಮಾನಿಗೆ 'ಸಾಗಾಟದ ದರ ಕೇಳಿ' ಎಂಬ ಗುಂಡಿ ಇಟ್ಟು, ಅದನ್ನು ಒತ್ತಿದವರಿಂದ ನಾಲ್ಕು ಸಂಗತಿ ತಿಳಿದುಕೊಳ್ಳಿ. ಪಿನ್‌ಕೋಡ್, ಯಾವ ಮಹಡಿ, ಲಿಫ್ಟಿನ ಒಳಗಿನ ಎತ್ತರ, ಮನೆ ಎದುರಿಗೆ ಟೆಂಪೋ ನಿಲ್ಲುತ್ತದೋ ಇಲ್ಲವೋ. ಗೇಟಿನಿಂದ ಬಾಗಿಲವರೆಗಿನ ದಾರಿಯ ಒಂದು ಫೋಟೋ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಆಮೇಲೆ ದರ ಹೇಳಿ, ಒಪ್ಪಿದ ಮೇಲೆ ಹಣ ತೆಗೆದುಕೊಳ್ಳಿ. ಮಾರಾಟ ಕಡಿಮೆಯಾಗುತ್ತದೆ ಎಂದು ಹೆದರಬೇಡಿ. ನಲವತ್ತು ಸಾವಿರದ ಉಯ್ಯಾಲೆಯನ್ನು ಯಾರೂ ಬಸ್ಸು ಕಾಯುತ್ತ ಕೊಂಡುಬಿಡುವುದಿಲ್ಲ.

'ಶಿಪ್ಪಿಂಗ್ ಆಮೇಲೆ ನೋಡುವಾ, ಡೆಲಿವರಿ ಹೊತ್ತಿಗೆ ಎಷ್ಟಾಗುತ್ತದೋ ಅಷ್ಟು ಕೊಡಿ' ಎನ್ನುವವರಿದ್ದಾರೆ. ಅದು ಬೇಡ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು, ಡೆಲಿವರಿ ಮತ್ತು ಹ್ಯಾಂಡ್ಲಿಂಗ್ ಖರ್ಚನ್ನು ಅದರಲ್ಲಿ ಬಿಡಿಸಿ ಹೇಳಬೇಕು. ಕ್ಯಾಶ್ ಆನ್ ಡೆಲಿವರಿಯಂತೂ ಭಾರದ ಸಾಮಾನಿಗೆ ಇಡಲೇಬೇಡಿ. ಬೇಡ ಎಂದು ಗ್ರಾಹಕರು ಬಾಗಿಲು ಹಾಕಿಕೊಂಡರೆ ವಾಪಸು ಬಾಡಿಗೆಯೂ ನಿಮ್ಮದೇ.

ಕಾಗದಪತ್ರದ ಮಾತು ಚುಟುಕಾಗಿ. ಸಾಮಾನಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಸಾಮಾನು ಸಾಗಿಸಲು ಜಿಎಸ್‌ಟಿ ಪೋರ್ಟಲಿನಲ್ಲಿ ಮಾಡುವ ದಾಖಲೆ) ಬೇಕು, ಆ ಲೆಕ್ಕದಲ್ಲಿ ತೆರಿಗೆಯೂ ಸೇರುತ್ತದೆ. 45,000ದ ಉಯ್ಯಾಲೆಗೆ ಶೇ. 18 ತೆರಿಗೆ ಹಿಡಿದರೆ 53,100, ಗೆರೆ ದಾಟಿತು. ಇ-ವೇ ಬಿಲ್ಲಿನ ಆಯುಷ್ಯ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಅದನ್ನು ತುಂಬುವಾಗ 'ಓವರ್ ಡೈಮೆನ್ಷನಲ್ ಕಾರ್ಗೋ' ಎಂಬ ಆಯ್ಕೆ ಕಾಣುತ್ತದೆ. ನಮ್ಮದು ದೊಡ್ಡ ಸಾಮಾನಲ್ಲವಾ ಎಂದು ಅದನ್ನು ಒತ್ತಬೇಡಿ. ಕೊರಿಯರಿನವರು ಓವರ್‌ಸೈಜ್ ಎನ್ನುವುದು ಬೇರೆ, ಇದು ಬೇರೆ. ಬಿಡಿಸಲಾಗದ ಒಂದೇ ವಸ್ತು, ಮೋಟಾರು ವಾಹನ ನಿಯಮ ಹೇಳಿದ ಅಳತೆಯನ್ನೇ ಮೀರಿದ್ದಾದರೆ ಮಾತ್ರ ಅದು. ಅಂಥದ್ದಕ್ಕೆ 20 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಕಾರ್ಕಳದಲ್ಲಿ ಕೆತ್ತಿ 1970ರ ದಶಕದಲ್ಲಿ ಧರ್ಮಸ್ಥಳಕ್ಕೆ ಒಯ್ದ 39 ಅಡಿಯ ಏಕಶಿಲೆಯ ಬಾಹುಬಲಿ, ಅದು ನಿಜವಾದ ಓವರ್ ಡೈಮೆನ್ಷನಲ್ ಕಾರ್ಗೋ. ಉಯ್ಯಾಲೆಯನ್ನು ಆ ಸಾಲಿಗೆ ಸೇರಿಸಬೇಡಿ ಮಾರಾಯ್ರೆ.

ಮಳೆಗಾಲದ ಆರ್ಡರಿಗೆ ಡೆಲಿವರಿ ದಿನಾಂಕ ಕೊಡುವಾಗ ಘಾಟಿಯನ್ನು ನೆನಪಿಡಿ. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ದೊಡ್ಡ ಲಾರಿಗಳಿಗೆ ಅವಕಾಶವಿಲ್ಲ. ಬೆಂಗಳೂರಿನ ಲೋಡು ಹೆಚ್ಚಾಗಿ ಹತ್ತುವುದು ಶಿರಾಡಿ ಘಾಟಿಯಲ್ಲೇ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದಾಗ ಆ ದಾರಿಯೇ ಬಂದ್ ಆಯಿತು. ಹಾಗೆ ಲಾರಿ ಸಿಕ್ಕಿಬಿದ್ದು ಇ-ವೇ ಬಿಲ್ಲಿನ ಅವಧಿ ಮುಗಿಯುವಂತಾದರೆ, ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ವಿಸ್ತರಿಸಿಕೊಳ್ಳಬಹುದು. ಸಾಗಾಟದವರು ಮರೆತಾರು, ನೀವೇ ಫೋನು ಮಾಡಿ ನೆನಪಿಸಿ.

ಒಡೆದರೆ ಯಾರ ತಲೆಗೆ? 2007ರ ರಸ್ತೆ ಸಾಗಣೆ ಕಾಯ್ದೆಯಂತೆ, ನೀವು ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ ಸಾಗಾಟದವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ 1,800 ಎಂದುಕೊಳ್ಳಿ, ಹೆಚ್ಚೆಂದರೆ 18,000. ಉಯ್ಯಾಲೆ 45,000ದ್ದು. ಉಳಿದದ್ದು ನಿಮ್ಮ ಜೇಬಿನಿಂದ. ಎಲ್‌ಆರ್‌ನ ಮೂಲೆಯಲ್ಲಿ 'ಓನರ್ಸ್ ರಿಸ್ಕ್' (ಹಾನಿಯಾದರೆ ಸಾಮಾನಿನವರದ್ದೇ ಹೊಣೆ) ಎಂಬ ಸಣ್ಣ ಚೌಕ ಇರುತ್ತದೆ, ಬರೆಯುವವನು ಕೇಳದೆಯೇ ಅದಕ್ಕೆ ಟಿಕ್ ಹಾಕುತ್ತಾನೆ. ನಾನೂ ಹಾಕುತ್ತಿದ್ದೆ. ಪೆನ್ನು ತಡೆದು ಮೌಲ್ಯ ಬರೆಸಿ. ಗ್ರಾಹಕರಿಗೂ ಹೇಳಿಡಿ: ಡಬ್ಬಿ ಜಜ್ಜಿಹೋಗಿದ್ದರೆ ಸಹಿ ಹಾಕುವ ಮೊದಲು ಅದೇ ಕಾಗದದಲ್ಲಿ 'ಡಬ್ಬಿ ಹಾಳಾಗಿದೆ' ಎಂದು ಬರೆಯಬೇಕು. ಪರಿಹಾರದ ನೋಟೀಸಿಗೆ ಬುಕ್ಕಿಂಗ್ ದಿನದಿಂದ 180 ದಿನ ಇದೆ, ಆದರೆ ಏನೂ ಬರೆಯದ ಸಹಿ ಇದ್ದರೆ ವಾದ ಅಲ್ಲೇ ಕುಂಟುತ್ತದೆ.

ಪತ್ರದ ಕೊನೆಗೆ ದುಬೈಯಿಂದ ಒಬ್ಬರು ಕಲ್ಲು ಕೇಳಿದ್ದಾರೆ ಎಂದು ಬರೆದಿದ್ದೀರಿ. ಹಡಗಿನಲ್ಲಿ ಹೋಗುವ ಮರದ ಪೆಟ್ಟಿಗೆಗೆ ಒಂದು ಅಂತರರಾಷ್ಟ್ರೀಯ ನಿಯಮ ಇದೆ. ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ಕೊಟ್ಟು, ಅದರ ಮುದ್ರೆ ಒತ್ತಿಸಿರಬೇಕು, ಹುಳ ದೇಶ ದಾಟಬಾರದೆಂದು. ನಿಮ್ಮ ಶೆಡ್ಡಿನ ಹಸಿ ಮಾವಿನ ಹಲಗೆಯ ಪೆಟ್ಟಿಗೆ ಅಲ್ಲಿಗೆ ನಡೆಯದು. ಪ್ಲೈವುಡ್ಡಿಗೆ ಈ ಶಾಖದ ಷರತ್ತು ಇಲ್ಲ. ಪೆಟ್ಟಿಗೆ ಪೂರ್ತಿ ಪ್ಲೈವುಡ್ಡಿನದ್ದೇ ಮಾಡಿಸಿ, ಅಡಿಯ ರೀಪೂ ಸೇರಿ.