ಎಳೆತ ಎಷ್ಟು, ಅಂತರ ಎಷ್ಟು?

ಪಿಯುಸಿ ಮಕ್ಕಳಿಗೆ ಪಾಠ ಮಾಡುವಾಗ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ನಾಲ್ಕು ಬಂಧಗಳನ್ನು ಬರೆಯುತ್ತೇನೆ. ಫ್ಲೋರಿನ್ ಜೊತೆ ಆಮ್ಲಜನಕ, ಸಾರಜನಕ, ಇಂಗಾಲ, ಸಿಲಿಕಾನ್. ಇವುಗಳಲ್ಲಿ ಯಾವುದು ಜಾಸ್ತಿ ಧ್ರುವೀಯ, ಅಂದರೆ ಯಾವುದರಲ್ಲಿ ಹಂಚಿಕೊಂಡ ಎಲೆಕ್ಟ್ರಾನುಗಳು ಒಂದು ಪರಮಾಣುವಿನ ಕಡೆಗೆ ಹೆಚ್ಚು ವಾಲಿರುತ್ತವೆ? ಬಹಳ ಜನ ತಕ್ಷಣ ಆಮ್ಲಜನಕ–ಫ್ಲೋರಿನ್ ಅನ್ನುತ್ತಾರೆ. ಎಲೆಕ್ಟ್ರಾನನ್ನು ಅತಿ ಜೋರಾಗಿ ಎಳೆಯುವವು ಅವೆರಡೇ ಅಲ್ವಾ ಅನ್ನುವುದು ಅವರ ಲೆಕ್ಕ. ಆದರೆ ಹಗ್ಗದ ಎರಡು ತುದಿಯಲ್ಲೂ ಜಟ್ಟಿಗಳೇ ನಿಂತರೆ ಹಗ್ಗ ಹೆಚ್ಚು ಸರಿಯುವುದಿಲ್ಲ.

ಆವರ್ತ ಕೋಷ್ಟಕದಲ್ಲಿ ಫ್ಲೋರಿನ್ ಮೇಲೆ ಬೆರಳಿಡಿ. ಎಡಕ್ಕೆ ಒಂದೊಂದೇ ಮನೆ ಸರಿಸಿ: ಆಮ್ಲಜನಕ, ಸಾರಜನಕ, ಇಂಗಾಲ. ಪ್ರತಿ ಹೆಜ್ಜೆಗೂ ನ್ಯೂಕ್ಲಿಯಸ್ಸಿನ ಧನ ಆವೇಶ ಕಡಿಮೆಯಾಗುತ್ತದೆ, ಎಳೆತವೂ ಇಳಿಯುತ್ತದೆ. ಈಗ ಇಂಗಾಲದಿಂದ ಕೆಳಗಿಳಿದರೆ ಸಿಲಿಕಾನ್. ಅಲ್ಲಿ ಹೊರಕವಚ ಇನ್ನೂ ದೂರ, ಹಿಡಿತ ಇನ್ನೂ ಸಡಿಲ. ಅಂದರೆ ಸಿಲಿಕಾನ್–ಫ್ಲೋರಿನ್ ಬಂಧವೇ ಅತಿ ಧ್ರುವೀಯ. ಈ ಎಳೆತವನ್ನು (ಎಲೆಕ್ಟ್ರೋನೆಗೆಟಿವಿಟಿ) ಅಳೆಯುವ ಪಾಲಿಂಗ್ ಮಾಪಕದ ಅಂಕಿಗಳೂ ಇದನ್ನೇ ಹೇಳುತ್ತವೆ: ಫ್ಲೋರಿನ್ ಬೆಲೆಯಿಂದ ಅಂತರ ಆಮ್ಲಜನಕಕ್ಕೆ 0.54, ಸಾರಜನಕಕ್ಕೆ 0.94, ಇಂಗಾಲಕ್ಕೆ 1.43, ಸಿಲಿಕಾನ್‌ಗೆ 2.08.

ಬೆರಳು ಕೈಕೊಡುವ ಜಾಗಗಳೂ ಇವೆ. ಸಾರಜನಕದಿಂದ ಕ್ಲೋರಿನ್‌ಗೆ ಹೋಗಬೇಕಾದರೆ ಬಲಕ್ಕೂ ಸರಿಯಬೇಕು, ಕೆಳಕ್ಕೂ ಇಳಿಯಬೇಕು. ಒಂದು ಎಳೆತವನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಕೊನೆಗೆ 3.04 ಮತ್ತು 3.16, ಹೆಚ್ಚು ಕಮ್ಮಿ ಸಮ. ಇಂಥ ಕಡೆ ಸುಮ್ನೆ ಊಹಿಸಬೇಡಿ, ಅಂಕಿ ನೋಡಿ.

ಮಕ್ಕಳನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಜಲಜನಕ. ಸೋಡಿಯಂ ಇರುವ ಕಂಬಸಾಲಿನ ಮೇಲ್ತುದಿಯಲ್ಲಿ ಕೂತಿದೆ ಅಂತ ಅದರ ಎಳೆತವನ್ನೂ ದುರ್ಬಲ ಅಂದುಕೊಳ್ಳುತ್ತಾರೆ. ಸೋಡಿಯಂ ಬೆಲೆ 0.93, ಜಲಜನಕದ್ದು 2.20. ಹೋಲಿಸುವಾಗ ಮನಸ್ಸಿನಲ್ಲೇ ಅದನ್ನು ಎತ್ತಿ ಬೋರಾನ್ ಮತ್ತು ಇಂಗಾಲದ ನಡುವೆ ಕೂರಿಸಿ. ರಂಜಕದ ಬೆಲೆ 2.19, ಹಾಗಾಗಿ ರಂಜಕ–ಜಲಜನಕ ಬಂಧದಲ್ಲಿ ಎಳೆದಾಟವೇ ಇಲ್ಲವೆನ್ನಬಹುದು.

ಇನ್ನು 1.7ರ ಗೆರೆ. ಅಂತರ ಅದಕ್ಕಿಂತ ಜಾಸ್ತಿ ಇದ್ದರೆ ಅಯಾನಿಕ, ಅಂದರೆ ಎಲೆಕ್ಟ್ರಾನನ್ನು ಒಂದು ಪರಮಾಣು ಕಿತ್ತುಕೊಂಡ ಉಪ್ಪಿನಂಥ ಬಂಧ, ಅಂತ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ಅಂತರ 1.78, ಸೋಡಿಯಂ ಅಯೋಡೈಡ್‌ನಲ್ಲಿ 1.73. ಗೆರೆಯನ್ನೇ ನಂಬಿದರೆ ಎರಡೂ ಉಪ್ಪುಗಳಾಗಬೇಕಿತ್ತು. ಆದರೆ ಮೊದಲನೆಯದು ಬಿಡಿ ಬಿಡಿ ಅಣುಗಳ ವಸ್ತು, ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎರಡನೆಯದು ಕರಗುವುದಕ್ಕೇ 660 ಡಿಗ್ರಿ ಬೇಕು. ಸೋಡಿಯಂ ಲೋಹ, ಜಲಜನಕ ಲೋಹವಲ್ಲ. ಅದಕ್ಕೇ ಅಂತರ ಲೆಕ್ಕ ಹಾಕಿದ ಮೇಲೂ ಮಕ್ಕಳನ್ನು ಕೇಳುತ್ತೇನೆ: ಬಂಧದ ಎರಡು ಪರಮಾಣುಗಳಲ್ಲಿ ಲೋಹ ಯಾವುದಪ್ಪಾ?