ಈಸ್ಟರ್ ಕಾರ್ಡ್‌ನಲ್ಲಿ ಮಾಟಗಾತಿಗೇನು ಕೆಲಸ?

ಪ್ರಶ್ನೆ: ಸ್ವೀಡನ್‌ನ ಹಳೆಯ ಈಸ್ಟರ್ ಕಾರ್ಡ್‌ಗಳಲ್ಲಿ ಪೊರಕೆ ಮೇಲೆ ಕೂತು ಹಾರುವ ಅಜ್ಜಿ ಕಾಣಿಸುತ್ತಾಳೆ. ಮಾಟಗಾತಿ ಬರುವುದು ಹ್ಯಾಲೋವೀನ್‌ಗಲ್ವಾ?

ಅಮೆರಿಕದಲ್ಲಿ ಹೌದು. ಸ್ವೀಡನ್‌ನಲ್ಲಿ ಅವಳದು ಈಸ್ಟರ್. ಹಬ್ಬಕ್ಕೆ ಮುಂಚಿನ ಗುರುವಾರ ಮಾಟಗಾತಿಯರು ಪೊರಕೆ ಏರಿ ಬ್ಲೋಕುಲ್ಲಾ ಎಂಬ ಜಾಗಕ್ಕೆ ಹಾರುತ್ತಾರೆ, ಸೈತಾನನ ಔತಣ ಉಂಡು ಹಬ್ಬದ ಹೊತ್ತಿಗೆ ವಾಪಸ್ ಬರುತ್ತಾರೆ ಅಂತ ಹಳ್ಳಿಗಳಲ್ಲಿ ನಂಬಿಕೆ ಇತ್ತು. ಅದಕ್ಕೇ ಜನ ಪೊರಕೆ ಬಚ್ಚಿಡುತ್ತಿದ್ದರು, ಬಾಗಿಲಿಗೆ ಶಿಲುಬೆ ಗುರುತು ಹಾಕುತ್ತಿದ್ದರು.

ಕಾರ್ಡನ್ನು ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಚೂಪು ಟೋಪಿ ಇರುವುದಿಲ್ಲ. ತಲೆಗೆ ಸ್ಕಾರ್ಫ್, ಸೊಂಟಕ್ಕೆ ಏಪ್ರನ್, ಪೊರಕೆಗೆ ನೇತುಹಾಕಿದ ತಾಮ್ರದ ಕಾಫಿ ಕೆಟಲ್, ಜೊತೆಗೊಂದು ಕಪ್ಪು ಬೆಕ್ಕು. ಹಳ್ಳಿಯ ಯಾವುದೋ ಮನೆಯ ಹೆಂಗಸು, ಅಷ್ಟೆ. ನನಗೆ ಸಂಕಟವಾಗುವುದು ಇಲ್ಲೇ. 1668ರಿಂದ 1676ರವರೆಗೆ ಇಂಥ ಹೆಂಗಸರನ್ನೇ ಹಿಡಿದು ಕೊಂದರು. ‘ನಮ್ಮನ್ನು ಬ್ಲೋಕುಲ್ಲಾಕ್ಕೆ ಕರ್ಕೊಂಡು ಹೋದಳು’ ಅಂತ ಮಕ್ಕಳು ಹೇಳಿದ್ದೇ ಸಾಕ್ಷಿ.

ಟೋರ್ಸೋಕರ್ ಎಂಬಲ್ಲಿ ಚರ್ಚ್ ಬಾಗಿಲಿಗೆ ಇಬ್ಬರು ಹುಡುಗರನ್ನು ನಿಲ್ಲಿಸಿದ್ದರು. ಮಾಟಗಾತಿಯರ ಹಣೆಯ ಗುರುತು ಅವರಿಗೆ ಮಾತ್ರ ಕಾಣುತ್ತಂತೆ. ಒಮ್ಮೆ ಒಬ್ಬ ಹುಡುಗ ಪಾದ್ರಿಯ ಹೆಂಡತಿಯನ್ನೇ ತೋರಿಸಿಬಿಟ್ಟ. ಆಕೆ ಕೆನ್ನೆಗೆ ಬಾರಿಸಿದಳು. ತಕ್ಷಣ ಅವನು ಕ್ಷಮೆ ಕೇಳಿ, ಬಿಸಿಲು ಕಣ್ಣಿಗೆ ಬಿತ್ತು ಅಂದ. ಪಾದ್ರಿಯ ಮೊಮ್ಮಗ ತನ್ನ ಅಜ್ಜಿಯಿಂದ ಕೇಳಿ ಬರೆದಿಟ್ಟ ಮಾತಿದು. ಬಡವರ ಮನೆ ಹೆಂಗಸು ಹಾಗೆ ಬಾರಿಸಿ ಪಾರಾಗಲು ಆಗುತ್ತಿತ್ತಾ? 1675ರಲ್ಲಿ ಅಲ್ಲಿ ಒಂದೇ ದಿನ 71 ಜನರ ತಲೆ ಕಡಿದರು. ಅವರಲ್ಲಿ 65 ಮಂದಿ ಹೆಂಗಸರು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ ಮಕ್ಕಳು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ ಮೇಲೆ ಈ ಬೇಟೆ ನಿಂತಿತು.

ಭಯ ಕರಗಿ ತಮಾಷೆಯಾಗಲು ತುಂಬಾ ಕಾಲ ಹಿಡಿಯಿತು. 19ನೇ ಶತಮಾನದಲ್ಲಿ ಪಶ್ಚಿಮ ಸ್ವೀಡನ್‌ನ ಹುಡುಗ ಹುಡುಗಿಯರು ಮಾಟಗಾತಿ ಚಿತ್ರ ಬರೆದು, ಪದ್ಯ ಸೇರಿಸಿ, ಹೆಸರು ಹಾಕದೆ ಅಕ್ಕಪಕ್ಕದ ಮನೆಗಳಿಗೆ ಎಸೆದು ಓಡುತ್ತಿದ್ದರು. ಎಸೆದವರು ಯಾರು ಅಂತ ಪತ್ತೆಹಚ್ಚುವುದೇ ಆಟ. ಅಚ್ಚಾದ ಕಾರ್ಡ್‌ಗಳು ಆಮೇಲೆ ಬಂದವು. ಈಗಲೂ ಮಕ್ಕಳು ಸ್ಕಾರ್ಫ್ ಕಟ್ಟಿ, ಕೆನ್ನೆಗೆ ಕೆಂಪು ಬಳಿದು, ತಾವೇ ಬರೆದ ಚಿತ್ರ ಕೊಟ್ಟು ಮನೆಮನೆಯಲ್ಲಿ ಮಿಠಾಯಿ ಇಸ್ಕೊಳ್ತಾರೆ.

ಹಳೆಯ ಕಾರ್ಡ್ ಸಿಕ್ಕಿ, ಯಾವ ಹಬ್ಬದ್ದು ಅಂತ ಅನುಮಾನ ಬಂದರೆ ಮೊದಲು ಕಾಫಿ ಕೆಟಲ್ ಹುಡುಕಿ. ಇದ್ದರೆ ಅದು ಈಸ್ಟರ್‌ನದ್ದೇ ಇರಬೇಕು. ಚೂಪು ಟೋಪಿ, ಕೆತ್ತಿದ ಕುಂಬಳಕಾಯಿ ಕಂಡರೆ ಹ್ಯಾಲೋವೀನ್‌ನದ್ದು.